ಬಿಳಿಯೋ ಕೆನೆಯೋ

ಕ್ಲೆಮ್,

ನಿನ್ನೆ ಅಲ್ವರ್‌ಸ್ಟನ್ನಿನ ಚರ್ಚ್ ಹಾಲಿನಲ್ಲಿ ನಮ್ಮ ಮಾದರಿ ರೈಲುಗಳ ಪ್ರದರ್ಶನವಿತ್ತು. ನಿನ್ನ ಹೆಂಡತಿ ಈಡಿತ್ ನೀನು ಮಾಡಿದ ಎರಡು ಬೋಗಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ತಂದಿದ್ದಳು. "ಅವರು ತೀರಿಹೋದಮೇಲೆ ಇವು ಸುಮ್ಮನೆ ಕೂತಿವೆ. ಒಂದು ಸುತ್ತು ಓಡಿಸಿ" ಅಂದಳು.

ಎಷ್ಟೋ ವರ್ಷದ ಹಿಂದಿನ ಜಗಳ ನೆನಪಿದೆಯಲ್ಲ: ನಮ್ಮೂರ ಕಡೆ ಓಡುತ್ತಿದ್ದ ಹಳೆಯ ಫರ್ನೆಸ್ ರೈಲ್ವೆಯ ಬೋಗಿಗಳ ಮೇಲ್ಭಾಗ ಅಚ್ಚ ಬಿಳಿ ಅಂತ ನಾನು, ವಾರ್ನಿಷ್ ಹಳದಿಗಟ್ಟಿ ಕೆನೆಬಣ್ಣಕ್ಕೆ ತಿರುಗಿರುತ್ತಿತ್ತು ಅಂತ ನೀನು. ಅಷ್ಟಕ್ಕೇ ಮಾತು ಬಿಟ್ಟೆವು. "ನಿಂದು ರೈಲಲ್ಲ ಕಣೋ ರೋಲಂಡ್, ಆಂಬುಲೆನ್ಸು" ಅಂದಿದ್ದೆ ನೀನು.

ನನ್ನ ಕೆಂಪು ಎಂಜಿನ್ನಿನ ಹಿಂದೆ ನನ್ನ ಮೂರು ಬೋಗಿ, ಅದರ ಹಿಂದೆ ನಿನ್ನವೆರಡನ್ನು ಸಿಕ್ಕಿಸಿದೆ. ಗಾಡಿ ತಿರುವಿಗೆ ಬಂದಾಗ ಈಡಿತ್ ಬಗ್ಗಿ ನೋಡಿ, "ಇದರಲ್ಲಿ ನಮ್ಮವರದು ಯಾವುದು?" ಅಂದಳು. ನಾನೂ ಕನ್ನಡಕ ಒರೆಸಿಕೊಂಡು ನೋಡಿದೆ. ನನ್ನ ಬಿಳಿಯ ಮೇಲಿನ ವಾರ್ನಿಷ್ ಇಷ್ಟು ವರ್ಷ ಬೀರುವಿನಲ್ಲಿ ಕೂತು ತಾನಾಗಿಯೇ ಹಳದಿಗಟ್ಟಿತ್ತು. ದಿನಾ ನೋಡುವ ನನಗೆ ಅದು ಗೊತ್ತೇ ಆಗಿರಲಿಲ್ಲ. ಐದೂ ಒಂದೇ ಬಣ್ಣ.

"ಎಲ್ಲವೂ ನಮ್ಮಿಬ್ಬರದೇ, ಅವನದೂ ನನ್ನದೂ" ಅಂದೆ. ಅವಳು ನಕ್ಕು, ತಾನು ತಿನ್ನುತ್ತಿದ್ದ ಪೈನಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ಗಾಡಿ ಸಂಜೆಯವರೆಗೂ ಸೊಗಸಾಗಿ ಓಡಿತು, ಒಮ್ಮೆಯೂ ಹಳಿ ತಪ್ಪಲಿಲ್ಲ.

ನೀನು ಗೆದ್ದೆ ಅಂತ ಒಪ್ಪುವವನಲ್ಲ ನಾನು. ನಾನು ಬಳಿದದ್ದು ಬಿಳಿಯನ್ನೇ. ಆದರೆ ಈ ಬೆಳಿಗ್ಗೆ ಹೊಸ ಬೋಗಿಗೆ ಬಣ್ಣ ಕಲಸುವಾಗ ಬಿಳಿಗೆ ಒಂದು ಹನಿ ಹಳದಿ ಬಿಟ್ಟೆ. ಇಷ್ಟು ಸಾಕಾ ಅಂತ ಕೇಳಲು ನೀನು ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿದೆ.