ಕಿವಿಯಿಲ್ಲದ ಬಾಗಿಲು

ಸವಣೂರು, ಭಾನುವಾರ

ಪ್ರೀತಿಯ ತಮ್ಮ ಲೋಹಿತ,

ನೀನು ಫೋನ್ ಬಂದ್ ಇಟ್ಟಿದ್ದೀಯ. ಅದಕ್ಕೇ ಶಿಗ್ಗಾಂವಿಗೆ ಹೊರಟ ಫಕ್ಕೀರಪ್ಪ ಮಾವನ ಕೈಯಲ್ಲಿ ಈ ಪತ್ರ, ತಿನ್ನಲು ಒಂದು ಪೊಟ್ಟಣ ಸವಣೂರು ಖಾರ ಕಳಿಸಿದ್ದೇನೆ. ರೂಮಿನವರಿಗೂ ಕೊಡು.

ನೀನು ಬರೆದ ಸ್ಮಾರ್ಟ್ ಕಾಂಟ್ರ್ಯಾಕ್ಟಿನಲ್ಲಿ, ಅಂದರೆ ಹಣವನ್ನು ತಾನೇ ಇಟ್ಟುಕೊಂಡು ತಾನೇ ಕೊಡುವ ಆ ಪ್ರೋಗ್ರಾಮಿನಲ್ಲಿ, ಜನ ಇಟ್ಟಿದ್ದ ಕ್ರಿಪ್ಟೋ ಹಣವನ್ನು ಯಾರೋ ಬಳಿದುಕೊಂಡು ಹೋದ ಸುದ್ದಿ ನಿನ್ನ ಗೆಳೆಯ ಮಾಲತೇಶನಿಂದ ತಿಳಿಯಿತು. ಅವ್ವನಿಗೂ ಹೇಳಿದೆ.

"ಕೀಲಿ ಮುರದನೇನ?" ಎಂದಳು.

"ಇಲ್ಲ ಬೇ. ನಾನ ಮಾಲಕ ಅಂದನಂತ. ಹೌದೋ ಅಲ್ಲೋ ನೋಡದ ಪ್ರೋಗ್ರಾಮು ಎಲ್ಲಾ ಕೊಟ್ಟಬಿಟ್ಟೈತಿ."

ಹೇಳಿದ ಮೇಲೆ ನನಗೇ ನಗು ಬಂತು. ನಮ್ಮ ಮನೆಯ ರೂಢಿಯನ್ನೇ ಬರೆದಿಟ್ಟಿದ್ದೀಯಲ್ಲೋ! ಬಾಗಿಲು ಬಡಿದವರು "ನಾನ ಬೇ" ಎಂದರೆ ಸಾಕು, ತೆರೆಯುತ್ತೇವೆ. ಆದರೆ ಅವ್ವನಿಗೆ ದನಿ ಗೊತ್ತು. ನಿನ್ನ ಪ್ರೋಗ್ರಾಮಿಗೆ ಕಿವಿಯಿಲ್ಲ. ಇನ್ನು ಮುಂದೆ, ಕೇಳಿದವರು ಯಾರೆಂದು ಖಾತ್ರಿ ಮಾಡಿಕೊಂಡೇ ಕೊಡುವಂತೆ ಬರೆ. ಹಣ ಕಳೆದುಕೊಂಡವರಿಗೆ ಮೊದಲು ನೀನೇ ಫೋನ್ ಹಚ್ಚು. ಅಡಗಿ ಕೂತರೆ ನಿನ್ನನ್ನೇ ಕಳ್ಳ ಎಂದುಕೊಳ್ಳುತ್ತಾರೆ.

ಆಮೇಲೆ ಮನೆಗೆ ಬಾ. ಈಗೀಗ ಗಾಳಿಗೆ ಬಾಗಿಲು ಅಲುಗಿದರೂ ನೀನೇ ಬಂದೆಯೇನೋ ಎಂದು ಅವ್ವ "ಯಾರು?" ಎನ್ನುತ್ತಾಳೆ. ಇಲ್ಲಿ ನೀನು ಹೆಸರು ಹೇಳುವುದೂ ಬೇಡ.

ನಿನ್ನ ಅಕ್ಕ,
ವಿದ್ಯಾ