ಕೊನೆಯ ಬೆಂಚಿಗೂ ಕೇಳುವ ದನಿ

ಕಡಲಂಚಿನ ಬಾಡಿಗೆ ಕಾಟೇಜು,
ಶನಿವಾರ. ಆಕಾಶಕ್ಕೆ ಒಂದು ಕಣ್ಣಲ್ಲಿ ಬಿಸಿಲು, ಇನ್ನೊಂದರಲ್ಲಿ ಮಳೆ.

ನನ್ನ ಬಾಯಿಬಡುಕಿ ಮಗಳೇ,

ಸದ್ದು! ಸದ್ದು! ಪರದೆ ಏಳುತ್ತಿದೆ! ಗಾಬರಿಯಾಗಬೇಡ, ನಿಮ್ಮಪ್ಪನಿಗೆ ತಲೆ ಕೆಟ್ಟಿಲ್ಲ. ನಾನು ಫೋನಿನಲ್ಲಿ ಹಲೋ ಅಂದರೆ ಸಾಕು, ಪಕ್ಕದ ಕೋಣೆಯಿಂದ ನಿನ್ನ ಗಂಡ "ಮಾವ ಫೋನ್ ಯಾಕೆ ಮಾಡ್ತಾರೆ, ಕಿಟಕಿ ತೆಗೆದು ಮಾತಾಡಿದ್ರೆ ಇಲ್ಲಿಗೇ ಕೇಳಿಸುತ್ತಲ್ಲ" ಎಂದು ಗೇಲಿ ಮಾಡುತ್ತಿದ್ದನಲ್ಲ, ಆ ಮಾವ ಈಗ ಪೆನ್ನು ಹಿಡಿದು ಕೂತಿದ್ದಾನೆ. ಕಾರಣವನ್ನು ಕೊನೆಯ ಅಂಕದವರೆಗೆ ಬಚ್ಚಿಡುವುದು ನಮ್ಮಂಥ ನಾಟಕದವರ ಚಟ. ಈ ಸಲ ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಟಲಲ್ಲಿ ಕೆಟ್ಟ ಗಂಟೊಂದು ಬೆಳೆದಿದೆ. ಬರುವ ವಾರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುತ್ತಾರೆ. ಜೀವಕ್ಕೇನೂ ಭಯವಿಲ್ಲವಂತೆ. ದನಿಗೆ ಮಾತ್ರ ಮಂಗಳ ಹಾಡಿಬಿಡಬೇಕು.

ಅಳುವುದಿದ್ದರೆ ಅತ್ತುಬಿಡು. ಮುಂದಿನದನ್ನು ಆಮೇಲೆ ಓದು.

ನನ್ನ ಚಿಂತೆ ನನ್ನದಾಗಿರಲಿಲ್ಲ, ನಿಮ್ಮಮ್ಮನದು. ಅವಳ ಕಿವಿಯ ಸಂಗತಿ ನಿನಗೆ ಗೊತ್ತೇ ಇದೆ. ಬಾಗಿಲ ಗಂಟೆ ಕೇಳಿಸದು, ಕುಕ್ಕರು ಕೂಗಿದರೆ ಕೇಳಿಸದು, ಮೊಮ್ಮಗಳು ಅತ್ತರೂ ಕೇಳಿಸದು. ಆದರೆ ನಾನೊಂದು ಮಾತಾಡಿದರೆ ತಟ್ಟನೆ ಉತ್ತರ! ನೀನು ಅಷ್ಟು ಆಸೆಯಿಂದ ತಂದುಕೊಟ್ಟ ಕಿವಿಯ ಯಂತ್ರ ಡಬ್ಬಿಯಲ್ಲೇ ಉಳಿಯಿತು. "ಇವರ ಗಂಟಲು ಇರೋವಾಗ ನನಗ್ಯಾಕೆ ಅದು? ಅದನ್ನ ಹಾಕ್ಕೊಂಡು ಇವರ ಮಾತು ಕೇಳಿದ್ರೆ ತಲೆ ಹಾರಿಹೋಗುತ್ತೆ" ಅಂದಿದ್ದಳು. ನಾನು ಮೀಸೆ ತಿರುವಿದ್ದೆ. ಈ ಜಗತ್ತಿನಲ್ಲಿ ಅವಳನ್ನು ತಲುಪುವ ದನಿ ನನ್ನದೊಂದೇ ಎಂಬ ಜಂಬ ನನಗೆ. ಹಾಗಾಗಿ, ಸುದ್ದಿಯನ್ನು ನನ್ನ ದನಿಯಲ್ಲಿ ನಾನೇ ಅವಳಿಗೆ ಹೇಳಬೇಕು, ಅದೂ ದನಿ ಹೋಗುವ ಮೊದಲೇ ಹೇಳಬೇಕು ಎಂದುಕೊಂಡೆ. ಅದಕ್ಕೇ ಈ ಕಾಟೇಜು. ನೆಗಡಿಯಾಗಿ ಗಂಟಲು ಕಟ್ಟಿದೆ, ಕಡಲ ಗಾಳಿಗೆ ಬಿಟ್ಟುಕೊಳ್ಳುತ್ತದೆ ಎಂದು ಸುಳ್ಳು ಹೇಳಿ ಹೊರಡಿಸಿದೆ. ಕೂಗಾಡಬೇಡಿ, ರಕ್ತ ಬರಬಹುದು, ಇರುವಷ್ಟು ದನಿಯೂ ಅವತ್ತೇ ಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು.

ಮನೆ ನೋಡಿದರೆ ನೀನು ನಗುತ್ತೀ. ಅಡುಗೆಮನೆ ನಮ್ಮ ನಾಟಕ ಕಂಪನಿಯ ಬಣ್ಣದ ಪೆಟ್ಟಿಗೆಯಷ್ಟಿದೆ. ಮಲಗುವ ಕೋಣೆಯ ಕಿಟಕಿಗೆ ಅಗಳಿ ನಿಲ್ಲುವುದಿಲ್ಲ, ಮಡಚಿದ ಕಾಗದ ತುರುಕಿದ್ದಾರೆ. ಬಾಗಿಲ ಹಿಂದೆ ಹಿಂದಿನವರು ಬಿಟ್ಟುಹೋದ ರೇನ್‌ಕೋಟುಗಳು. ನನಗೆ ಸಿಕ್ಕಿದ್ದು ಮೊಣಕಾಲಿಗೂ ಬರದು, ನಿಮ್ಮಮ್ಮನದು ನೆಲ ಗುಡಿಸುತ್ತದೆ. ಇಲ್ಲಿಗೆ ಬಂದಾಗಿನಿಂದ ಅವಳು ತಲೆಗೆ ಸುತ್ತಿದ ಸ್ಕಾರ್ಫು ಬಿಚ್ಚಿಲ್ಲ. ಒಲೆಯ ಮುಂದೆ ಕೂತರೂ ಸ್ಕಾರ್ಫು! "ಮಹಾರಾಣಿಯವರೇ, ಕಿರೀಟ ಇಳಿಸುವುದಿಲ್ಲವೇ?" ಎಂದರೆ, "ಗಾಳಿ ಕಣ್ರೀ, ನಿಮಗೇನು ಗೊತ್ತು" ಎಂದು ಇನ್ನಷ್ಟು ಬಿಗಿಯುತ್ತಾಳೆ.

ಮನೆಯೊಡತಿ ಕೋಳಿ ಸಾಕಿಕೊಂಡ ಗಟ್ಟಿಗಿತ್ತಿ. ಬಂದ ದಿನವೇ ಹೇಳಿದಳು: "ಬಂಡೆ ಅಂಚಿನ ದಾರೀಲಿ ಎಷ್ಟು ಬೇಕಾದ್ರೂ ಓಡಾಡಿ. ಮರದ ಗೇಟು ಮಾತ್ರ ದಾಟಬೇಡಿ. ಆಚೆ ದಾರಿ ಕುಸಿದು ಕಡಲಿಗೆ ಹೋಗಿದೆ." ಅವಳು ಹೇಳಿದ್ದನ್ನು ನಿಮ್ಮಮ್ಮನಿಗೆ ನಾನು ದಾಟಿಸಿದೆ. ಅವಳು ತಲೆಯಾಡಿಸಿದಳು.

ದಿನವೂ ನಡೆದೆವು. ದಿನವೂ ಇವತ್ತು ಹೇಳೇ ಹೇಳುತ್ತೇನೆ ಎಂದು ಎದೆ ಉಬ್ಬಿಸುತ್ತಿದ್ದೆ. ಬಾಯಿ ತೆರೆದರೆ ಫಟಾರೆಂದು ಮಳೆ. ಮಳೆ ನಿಂತರೆ ಅಂಥಾ ಬಿಸಿಲು, ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಹುಡುಗಿಯ ಹಾಗೆ ನಡೆಯುವಳು. ಅಂಥ ಹೊತ್ತಿನಲ್ಲಿ ಹೇಗೆ ಹೇಳಲಿ? ಮತ್ತೊಂದು ದಿನ ಬಿರುಗಾಳಿ, ಮಾತನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಹವಾಮಾನದ ಮೇಲೆ ಹಾಕಿ ಹಾಕಿ ವಾರ ಕಳೆದೆ. ಎಷ್ಟೋ ರಾಜರ ಪಾತ್ರ ಮಾಡಿದವನಿಗೆ ಹೆಂಡತಿಯ ಮುಂದೆ ಒಂದು ವಾಕ್ಯ ಹೊರಡಲಿಲ್ಲವಲ್ಲ!

ನಿನ್ನೆ ಮಂಜು ಬಂತು. ಕಡಲಿನಿಂದ ಎದ್ದು, ಯಾರೋ ಹಗ್ಗ ಬಿಟ್ಟ ಪರದೆಯ ಹಾಗೆ ಸರ್ರನೆ ಇಳಿಯಿತು. ನಾನು ಬೂಟಿನ ಲಾಡಿ ಕಟ್ಟಲು ಬಗ್ಗಿದ್ದೆ. ತಲೆಯೆತ್ತುವಾಗ ನಿಮ್ಮಮ್ಮ ಮುಂದೆ ನಡೆದುಹೋಗಿ ಬೂದು ಬಣ್ಣದ ಒಂದು ಕಲೆಯಾಗಿದ್ದಳು. ಎದುರಿಗೇ ಆ ಗೇಟು. ಅದು ತೆರೆದುಕೊಂಡಿತ್ತು!

ಕೂಗಿದೆ. ಡಾಕ್ಟರ ಮಾತೂ ನೆನಪಿಲ್ಲ, ಗಂಟಲೂ ನೆನಪಿಲ್ಲ. "ಪಿಸೂ!" ಎಂದು ಕೂಗಿದೆ. ಕಂಪನಿಯಲ್ಲಿ ಪ್ರಾಂಪ್ಟರ್ ಆಗಿ ಪಕ್ಕದ ಪರದೆಯ ಹಿಂದೆ ನಿಂತು ಎಲ್ಲರಿಗೂ ಮಾತು ಪಿಸುಗುಟ್ಟುತ್ತಿದ್ದವಳಿಗೆ ಆಗ ಬಿದ್ದ ಹೆಸರು ಅದು. ನಾನೊಬ್ಬನೇ ಇನ್ನೂ ಹಾಗೆ ಕರೆಯುತ್ತೇನೆ. ಅವಳು ತಿರುಗಲಿಲ್ಲ. ಕೊನೆಯ ಬೆಂಚಿನ ಹಿಂದೆ ಗೋಡೆಗೊರಗಿ ನಿಂತವರಿಗೂ ಕೇಳುತ್ತಿದ್ದ ದನಿ ಮಗಳೇ ಅದು! ಮತ್ತೆ ಕೂಗಿದೆ. ಮತ್ತೆ. ಕೊನೆಯದರಲ್ಲಿ ಏನೋ ಹರಿದಂತಾಗಿ ಬಾಯಲ್ಲಿ ಉಪ್ಪುಪ್ಪಾಯಿತು. ಆಮೇಲೆ ಬರೀ ಗಾಳಿ.

ಓಡಿದೆ. ಅವಳು ಗೇಟಿನ ಈಚೆಗೇ ನಿಂತಿದ್ದಳು, ಕಂಬ ಹಿಡಿದುಕೊಂಡು, ಬೆನ್ನು ನನ್ನ ಕಡೆಗೆ. ಹೆಗಲು ಹಿಡಿದು ತಿರುಗಿಸಿದೆ. ದನಿ ಇಲ್ಲ, ತುಟಿ ಮಾತ್ರ ಆಡುತ್ತಿತ್ತು. ವಾರವಿಡೀ ಆಗದ ಮಾತನ್ನು ಆಗ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದು, "ಗೊತ್ತು" ಅಂದಳು.

ಗೊತ್ತಂತೆ! ನೆಗಡಿಗೆ ಔಷಧಿ ಎಂದು ಆಸ್ಪತ್ರೆಗೆ ಹೋದಾಗ ಅವಳನ್ನು ಗಾಜಿನ ಬಾಗಿಲಾಚೆ ಕೂರಿಸಿದ್ದೆ, ಅಲ್ಲಿಂದ ಡಾಕ್ಟರ ತುಟಿ ನೋಡಿಯೇ ಎಲ್ಲವನ್ನೂ ತಿಳಿದುಕೊಂಡಿದ್ದಳು. "ಮತ್ತೇಕೆ ಸುಮ್ಮನಿದ್ದೆ?" ಎಂದು ತುಟಿಯಾಡಿಸಿದೆ. "ನಟ ಪೂರ್ತಿ ನಿಲ್ಲೋವರೆಗೂ ಪ್ರಾಂಪ್ಟರ್ ಬಾಯಿ ಹಾಕಬಾರದು ಕಣ್ರೀ. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದಳು.

ಆಮೇಲೆ ನನ್ನ ಕೆನ್ನೆ ಒರೆಸುತ್ತಾ ಇನ್ನೊಂದು ಮಾತು ಹೇಳಿದಳು. ನನ್ನ ದನಿ ಅವಳಿಗೆ ಕೇಳಿಸುವುದು ನಿಂತು ಎಷ್ಟೋ ಕಾಲವಾಯಿತಂತೆ. ಪರದೆಯ ಹಿಂದಿನಿಂದ ವರ್ಷಗಟ್ಟಲೆ ನನ್ನ ಬಾಯಿ ನೋಡುತ್ತಿದ್ದವಳಲ್ಲವೇ, ಅದೇ ಅಭ್ಯಾಸದಲ್ಲಿ ಉತ್ತರ ಕೊಡುತ್ತಿದ್ದಳಂತೆ. "ಅಷ್ಟು ಜಂಬದಿಂದ ಕಿರುಚ್ತಿದ್ರಿ, ಯಾಕೆ ಹೇಳ್ಲಿ ಅಂತ ಬಿಟ್ಟೆ. ಈಗ್ಲೂ ಕೂಗಿದ್ದೇನೂ ಕೇಳಿಸ್ಲಿಲ್ಲ. ಹೋದ್ರೆ ಹೋಗ್ಲಿ ಬಿಡಿ ಆ ದನಿ. ನನಗೇನೂ ನಷ್ಟ ಇಲ್ಲ. ತುಟಿ ಇದೆಯಲ್ಲ, ಸಾಕು."

ಖಾಲಿ ಸಭಾಂಗಣಕ್ಕೆ ಇಷ್ಟು ವರ್ಷ ಅಬ್ಬರಿಸಿದೆನಲ್ಲ ಮಗಳೇ! ನಗು ಬಂತು. ನಗುವಿಗೂ ಸದ್ದು ಬರಲಿಲ್ಲ. ಆದರೂ ಎದೆಯ ಮೇಲಿನ ಕಲ್ಲು ಇಳಿದಿದೆ. ಕತ್ತರಿಯ ಕೆಳಗೆ ನಿಶ್ಚಿಂತೆಯಿಂದ ಮಲಗುತ್ತೇನೆ. ನನ್ನ ದನಿಯ ಜೊತೆ ಅವಳೇನೂ ಕಳೆದುಕೊಳ್ಳುವುದಿಲ್ಲವಲ್ಲ.

ಪತ್ರ ಅಂಟಿಸಿ ಅಂಚೆ ಡಬ್ಬಿಗೆ ಹಾಕುವ ಕೆಲಸ ಅವಳದು. ಮಂಗಳವಾರ ಆಸ್ಪತ್ರೆಗೆ ಬಾ. ಬಾಗಿಲಲ್ಲಿ ನಿಂತು ಅಳಬೇಡ, ಒಳಗೆ ಬಂದು ಜೋರಾಗಿ ಮಾತಾಡು. ಮನೆಯಲ್ಲಿ ಯಾರಾದರೊಬ್ಬರು ಮಾತಾಡಬೇಕಲ್ಲ.

ಪರದೆ ಇಳಿಯಲಿ.

ನಿನ್ನ,
ಅಪ್ಪ

ತಾ.ಕ. ಇದು ಅಮ್ಮ ಬರೆಯುತ್ತಿರುವುದು. ಅಪ್ಪ ಹೊರಗೆ ಕೋಳಿ ನೋಡುತ್ತಾ ನಿಂತಿದ್ದಾರೆ. ನೀನು ಕೊಟ್ಟ ಯಂತ್ರವನ್ನು ಇಲ್ಲಿಗೆ ತಂದಿದ್ದೆ. ವಾರವಿಡೀ ಸ್ಕಾರ್ಫಿನ ಕೆಳಗೆ ಹಾಕಿಕೊಂಡಿದ್ದೆ. ಅವರು ಚಹಾ ಕೇಳಿದ್ದು, ಮಳೆಗೆ ಬೈದಿದ್ದು, ನಿದ್ದೆಯಲ್ಲಿ ಗೊರಕೆ ಹೊಡೆದದ್ದು, ಒಂದನ್ನೂ ಬಿಡದೆ ಕೇಳಿದೆ. ಮಂಜಿನಲ್ಲಿ ಮೊದಲ ಕೂಗಿಗೇ ನಿಂತುಬಿಟ್ಟೆ. ತಿರುಗಿದರೆ ಕೂಗುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ತಿರುಗಲಿಲ್ಲ. ಇನ್ನೊಂದೇ ಒಂದು ಸಲ ಕರೆಯಲಿ ಎಂದು ಆಸೆಪಟ್ಟೆ. ಆ ಆಸೆಗೇ ಅವರ ದನಿ ಹೋಯಿತು. ಇದನ್ನು ಅವರಿಗೆ ಹೇಳಬೇಡ. ಯಂತ್ರವನ್ನು ಡಬ್ಬಿಗೆ ಹಾಕಿಟ್ಟಿದ್ದೇನೆ. ಬರೀ ಗಾಳಿ ಕೇಳುತ್ತಿತ್ತು.