ಮರೆಮಾಡಿದ್ದ ಸ್ವಿಚ್ಚು

ಕಾಮಗ್ವೇ
ಅಕ್ಟೋಬರ್ ೧೯

ರೆಯ್ನಿಯೆರ್,

ಡಾಯ್ಮಾ ಚೆನ್ನಾಗಿದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದುವಾಗ ನಿನಗೆ ಸಿಟ್ಟು ಬರುತ್ತದೆ. ಬಂದಾಗಲೆಲ್ಲ ಮೇಲಿನ ಸಾಲಿಗೆ ಮರಳಿ ಬಾ.

ನಮ್ಮ ಬೀದಿಯ ಲಿಯೂದ್ಮಿಲಾ ನಾಳೆ ನೀನಿರುವ ಮೊಂಟೆವಿಡಿಯೋಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಡುವೆ ನೀನು ಪ್ರಶ್ನೆ ಕೇಳುತ್ತೀಯ, ನಾನು ಜಗಳಕ್ಕೆ ಬೀಳುತ್ತೇನೆ, ಹೇಳಬೇಕಾದದ್ದು ಉಳಿದುಬಿಡುತ್ತದೆ.

ಸೆಪ್ಟೆಂಬರ್ ಮೊದಲ ವಾರ ಮಗಳ ಕಿವಿಯಂತ್ರ ಕೆಟ್ಟಿತು. ತಲೆಯೊಳಗೆ ಕೂರಿಸಿರುವುದಲ್ಲ, ಹೊರಗೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವುದು. ಶಾಲೆಯಿಂದ ಬಂದವಳು, "ಅಮ್ಮಾ, ಎಲ್ರೂ ಬರೀ ಬಾಯಿ ಆಡಿಸ್ತಿದಾರೆ" ಎಂದಳು. ಅಂದಿನಿಂದ ಮೊನ್ನೆಯವರೆಗೆ ಅವಳಿಗೆ ಏನೂ ಕೇಳಿಸಿಲ್ಲ. ಭಾನುವಾರದ ವಿಡಿಯೋ ಕರೆಗಳಲ್ಲಿ ಅವಳು ನಿನ್ನ ತುಟಿ ನೋಡಿ ಉತ್ತರಿಸುತ್ತಿದ್ದಳು. "ಕೂದಲು ಯಾಕೆ ಹೀಗೆ ಕಿವಿ ಮೇಲೆ ಇಳಿಬಿಟ್ಟಿದೀಯಾ, ಪುಟ್ಟಾ?" ಎಂದು ನೀನು ಕೇಳಿದೆಯಲ್ಲ, ಹಾಗೆ ಬಾಚಿದ್ದು ನಾನು. ಗೊತ್ತಾದರೆ ಅವಳನ್ನು ನಿನ್ನ ಹತ್ತಿರ ಕಳಿಸು ಎನ್ನುತ್ತೀಯ, ಈ ಸಲ ನಿನಗೆ ಎದುರಾಡಲು ನನ್ನ ಬಾಯಲ್ಲಿ ಮಾತಿರುವುದಿಲ್ಲ ಎಂಬ ಭಯ.

ಬದಲಿ ಯಂತ್ರವೇನೋ ಬೇಗ ಸಿಕ್ಕಿತು. ಆದರೆ ಅದು ಖಾಲಿ. ಡಾಯ್ಮಾಳಿಗೆ ಯಾವ ಸ್ವರ ಎಷ್ಟು ಬೇಕು ಎಂದು ನೀನು ದಿನಗಟ್ಟಲೆ ಎದುರು ಕೂತು ಹೊಂದಿಸಿದ್ದೆಲ್ಲ ಅದರಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಹೊಂದಿಸಿಕೊಡುವವರ ಹತ್ತಿರ ನಮ್ಮ ಸರದಿ ಬರುವುದು ಜನವರಿಗೆ. ಅಷ್ಟರಲ್ಲಿ ಅವಳ ಮಾತು ಸವೆಯತೊಡಗಿತು. ಪದಗಳ ಕೊನೆ ನುಂಗುತ್ತಿದ್ದಳು. ಪಕ್ಕದ ಮನೆಯ ಹುಡುಗಿಯರು ಎರಡು ಸಲ "ಏನಂದೆ?" ಎಂದು ಕೇಳಿದರೆ ಮೂರನೆಯದಕ್ಕೆ ಎದ್ದು ಬಂದುಬಿಡುತ್ತಿದ್ದಳು.

ನೀನು ಹೋಗುವ ಮುಂಚೆ ಕೊಟ್ಟಿದ್ದ ಡಿಸ್ಕ್ ನೆನಪಾದದ್ದು ಆಗ. ನೀನು ನಿನ್ನ ಹಳೆಯ ಕಂಪ್ಯೂಟರನ್ನು, ಡಾಯ್ಮಾಳಿಗೆ ಹೊಂದಿಸಿದ್ದೆಲ್ಲದರ ಸಮೇತ, ಇಡಿಯಾಗಿ ನಕಲು ಮಾಡಿ ಅದರಲ್ಲಿ ಇಟ್ಟಿದ್ದೆ. ಆ ಕಿವಿಯಂತ್ರದ ತಂತ್ರಾಂಶ ಬೇರೆ ಯಂತ್ರದಲ್ಲಿ ಬಾಯಿ ಬಿಡುವುದಿಲ್ಲ, ನನ್ನ ಲ್ಯಾಪ್‌ಟಾಪಿನ ಒಳಗೇ ನಿನ್ನ ಕಂಪ್ಯೂಟರನ್ನು ಎಬ್ಬಿಸಬೇಕು ಎಂದು ನೀನೇ ಹೇಳಿದ್ದೆ. ನಾನು ಹಾಗೇ ಮಾಡಲು ಹೋದೆ. ಅದು ಏಳಲಿಲ್ಲ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ಶಕ್ತಿಯನ್ನು ಈ ಲ್ಯಾಪ್‌ಟಾಪಿನಲ್ಲಿ ಮುಚ್ಚಲಾಗಿದೆ ಎಂಬ ಸಾಲೊಂದು ಬಂತು. ತೆರೆಯೋಣವೆಂದರೆ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ನೀಲಿ ಆಯ್ಕೆಪಟ್ಟಿಯಲ್ಲಿ ಅಂಥ ಸ್ವಿಚ್ಚೇ ಇಲ್ಲ. ದಿನಾಂಕ, ಪಾಸ್‌ವರ್ಡ್, ಅಷ್ಟೆ.

ಮೊಬೈಲ್ ರಿಪೇರಿಯ ಒಸ್ಮಾನಿಯನ್ನು ಕರೆದೆ. ನೋಡಿ ನಕ್ಕ. "ಸ್ವಿಚ್ ಇದೆ ಅಕ್ಕಾ. ತಯಾರು ಮಾಡಿದೋರು ನಮ್ಮ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದಾರೆ. ನಮ್ಮನ್ನ ನೋಡಿದ್ರೆ ಅವ್ರಿಗೆ ಮಕ್ಕಳು ಅನ್ಸುತ್ತೆ."

"ತೆಗೆಯೋಕಾಗುತ್ತಾ?"

"ಆಗುತ್ತೆ. ತಪ್ಪು ಜಾಗದಲ್ಲಿ ಬರೆದ್ರೆ ಲ್ಯಾಪ್‌ಟಾಪ್ ಇಟ್ಟಿಗೆ ಆಗುತ್ತೆ, ಮತ್ತೆ ಏಳೋದಿಲ್ಲ. ಆಮೇಲೆ ನನ್ನ ಬೈಬಾರ್ದು."

ನನ್ನ ಅನುವಾದದ ಕೆಲಸವೆಲ್ಲ ನಡೆಯುವುದು ಅದರಲ್ಲೇ. ಬ್ಯಾಟರಿ ಸತ್ತು ವರ್ಷವಾಗಿದೆ, ತಂತಿ ಕಿತ್ತರೆ ಅದರ ಪ್ರಾಣ ಹೋಗುತ್ತದೆ. ಇಲ್ಲಿಯ ಕರೆಂಟಿನ ಕಥೆ ನಿನಗೆ ಹೇಳಬೇಕಿಲ್ಲ.

ಒಸ್ಮಾನಿ ಪಾರ್ಕಿಗೆ ಹೋಗಿ ಇಂಟರ್ನೆಟ್ ಹಿಡಿದು, ಇದೇ ಮಾದರಿಯ ಲ್ಯಾಪ್‌ಟಾಪ್ ಇದ್ದ ಯಾರೋ ಬರೆದಿದ್ದನ್ನು ಇಳಿಸಿಕೊಂಡು ಬಂದ. ಬಚ್ಚಿಟ್ಟ ಪ್ರತಿ ಸ್ವಿಚ್ಚಿಗೂ ಒಂದು ವಿಳಾಸ ಇರುತ್ತದಂತೆ, ಆ ವಿಳಾಸದಲ್ಲಿ ಸೊನ್ನೆ ಇದ್ದದ್ದನ್ನು ಒಂದು ಮಾಡಬೇಕಂತೆ. ಆ ಮನುಷ್ಯ ವಿಳಾಸವನ್ನೂ ಕೊಟ್ಟಿದ್ದ. ಆದರೆ ನಮ್ಮ ಲ್ಯಾಪ್‌ಟಾಪಿನ ಒಳಗಿನ ತಂತ್ರಾಂಶವನ್ನೇ ಹೊರತೆಗೆದು ಹುಡುಕಿದಾಗ ಅದೇ ಸ್ವಿಚ್ಚಿಗೆ ಬೇರೆ ವಿಳಾಸ ಕಂಡಿತು.

"ಅವನದನ್ನೇ ಹಾಕೋಣ. ಅವನಿಗೆ ಕೆಲಸ ಆಗಿದೆಯಲ್ಲ" ಎಂದ ಒಸ್ಮಾನಿ.

"ಅದು ಅವನ ಮನೆ ವಿಳಾಸ ಕಣೋ. ಅಲ್ಲಿ ಹೋಗಿ ಡಾಯ್ಮಾ ಇದ್ದಾಳಾ ಅಂತ ಕೇಳ್ತೀಯಾ?"

ಬಾಯಲ್ಲಿ ಹಾಗೆಂದೆ, ಒಳಗೆ ಅಷ್ಟು ಧೈರ್ಯವಿರಲಿಲ್ಲ. ಬರೆಯುವ ಮುಂಚೆ ಎರಡೂ ಜಾಗಗಳಲ್ಲಿ ಈಗ ಏನಿದೆ ಎಂದು ಓದಿ ನೋಡಿದೆವು. ಅವನ ವಿಳಾಸದಲ್ಲಿ ಬೇರೇನೋ ಅಂಕಿ ಕೂತಿತ್ತು. ನಮ್ಮದರಲ್ಲಿ ಸೊನ್ನೆ. ಒಸ್ಮಾನಿ ಕೈ ಹಿಂದಕ್ಕೆ ಎಳೆದುಕೊಂಡ. "ಒತ್ತೋದು ನೀವೇ ಒತ್ತಿ ಅಕ್ಕಾ. ತಾಯಿ ಕೈಯಾದ್ರೆ ಅದಕ್ಕೂ ಒಂದಿಷ್ಟು ಕರುಣೆ ಬರಬಹುದು."

ಒತ್ತಿದೆ. ಕರೆಂಟು ಹೋಯಿತು.

ನಾನು ಬೆರಳು ಎತ್ತುವ ಮುಂಚೆ ಹೋಯಿತು, ರೆಯ್ನಿಯೆರ್. ಪರದೆ ಕಪ್ಪಾಯಿತು, ಫ್ಯಾನು ನಿಂತಿತು, ಬೀದಿಯುದ್ದಕ್ಕೂ ಬೈಗುಳ ಎದ್ದಿತು. ಬರೆದು ಮುಗಿದಿತ್ತೋ, ಅರ್ಧಕ್ಕೆ ನಿಂತಿತೋ ಹೇಳುವವರಿಲ್ಲ. ಒಸ್ಮಾನಿಯ ಮುಖ ಬಿಳಿಚಿಕೊಂಡಿತ್ತು. ಡಾಯ್ಮಾ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ, ತನ್ನ ದನಿಯ ಅಳತೆ ತನಗೆ ತಿಳಿಯದೆ ಕಿರುಚಿದಳು: "ಸತ್ಹೋಯ್ತಾ ಅಮ್ಮಾ?"

ಇಲ್ಲ ಎಂದು ತಲೆಯಾಡಿಸಿದೆ. ತುಟಿ ಆಡಿಸಲಿಲ್ಲ. ಸುಳ್ಳು ಹೇಳುವಾಗ ನನ್ನ ತುಟಿಯನ್ನು ಅವಳು ಚೆನ್ನಾಗಿ ಓದುತ್ತಾಳೆ.

ಕಾಯುತ್ತ ಕೂತೆವು. ಫ್ಲಾಸ್ಕಿನ ಕಾಫಿ ಮುಗಿಯಿತು. ಒಸ್ಮಾನಿ ಮನೆಗೂ ಹೋಗಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ನಾನು ಬೀನ್ಸ್ ಆರಿಸುವ ನೆವದಲ್ಲಿ ತಟ್ಟೆ ಹಿಡಿದು ಕೂತು ಒಳ್ಳೆಯ ಕಾಳುಗಳನ್ನೇ ಎಸೆಯುತ್ತಿದ್ದೆ. ಆ ಸಂಜೆ ನಿನಗೆ ಫೋನು ಮಾಡಲು ಎರಡು ಸಲ ಎದ್ದೆ. ಏನೆಂದು ಹೇಳುವುದು? ಮಗಳ ಕಿವಿ ಹೋಗಿತ್ತು, ನಿನಗೆ ಹೇಳಲಿಲ್ಲ, ಈಗ ಕಿವಿ ತರುವ ದಾರಿಯನ್ನೂ ಕೆಡಿಸಿದೆ ಎಂದೇ? ಎರಡು ಸಲವೂ ಕೂತೆ.

ಹೊತ್ತು ಮುಳುಗುವ ಮುಂಚೆ ಕರೆಂಟು ಬಂತು. ಬೀದಿಯೆಲ್ಲ ಕೇಕೆ ಹಾಕಿತು, ಡಾಯ್ಮಾ ಮಾತ್ರ ಬಲ್ಬನ್ನು ನೋಡಿ ತಿಳಿದುಕೊಂಡಳು. ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪು. ತಾನಾಗಿಯೇ ಆರಿತು. "ಹೋಯ್ತು" ಎಂದ ಒಸ್ಮಾನಿ. ಮತ್ತೆ ತಾನಾಗಿಯೇ ಶುರುವಾಯಿತು, ಮತ್ತೆ ಕಪ್ಪು. ನಾನು ಡಾಯ್ಮಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಅವಳು ಬಿಡಿಸಿಕೊಂಡಳು. ಆಮೇಲೆ ಪರದೆ ಬೆಳಗಿತು.

ಡಿಸ್ಕ್ ಸಿಕ್ಕಿಸಿದೆ. ನನ್ನ ಪರದೆಯೊಳಗೆ ನಿನ್ನ ಪರದೆ ಎದ್ದಿತು. ಮೂಲೆಯಲ್ಲಿ "ಡಾಯ್ಮಾ" ಎಂಬ ಕಡತ. ಒಸ್ಮಾನಿ ಮೇಜು ಗುದ್ದಿ, "ತಗೊಳ್ಳಿ ಅಕ್ಕಾ, ಗಂಡನ್ನ ಮನೆಗೆ ಕರೆಸ್ಕೊಂಡ್ರಿ!" ಎಂದ. ಅವನನ್ನು ಬೈದೆ. ಅವನು ನಗುತ್ತಲೇ ಹೋದ.

ಹೊಸ ಕಿವಿಯಂತ್ರಕ್ಕೆ ತಂತಿ ಜೋಡಿಸಿ, ಆ ಕಡತವನ್ನು ಅದಕ್ಕೆ ತುಂಬಿ, ನೀನು ಯಾವಾಗಲೂ ಮಾಡುತ್ತಿದ್ದಂತೆ ಶಬ್ದವನ್ನು ತೀರ ಕೆಳಗಿಟ್ಟು, ಒಂದೊಂದೇ ಮೆಟ್ಟಿಲು ಏರಿಸಿದೆ. ಅವಳಿಗೆ ನೋವಾದೀತೆಂದು ಪ್ರತಿ ಸಲವೂ ಮುಖ ನೋಡುತ್ತಿದ್ದೆ. ಒಮ್ಮೆಲೆ ಅವಳು ಹುಬ್ಬು ಗಂಟಿಕ್ಕಿ ಅಡುಗೆಮನೆಯ ಕಡೆ ತಿರುಗಿದಳು.

"ಅದ್ಯಾರು ಗುಂಯ್ ಅಂತಿರೋದು?"

ಫ್ರಿಜ್ಜು. ಅದರ ಮೈಮೇಲೆ ಕೈಯಿಟ್ಟುಕೊಂಡು ನಿಂತಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀರಿನ ಸದ್ದು ಕೇಳಿ ಅವಳು ಅಲ್ಲಿಗೂ ಬಂದಳು.

ನಾನು ನಿನಗೆ ಹೇಳದಿದ್ದದ್ದು ತಪ್ಪು. ಅವಳನ್ನು ಇಲ್ಲಿ ಉಳಿಸಿಕೊಂಡದ್ದು ತಪ್ಪು ಎಂದು ಮಾತ್ರ ನನ್ನಿಂದ ಬರೆಸಬೇಡ. ನಿನ್ನ ಅಗತ್ಯ ನನಗಿಲ್ಲ, ಮಗಳಿಗಿದೆ. ಈ ಭಾನುವಾರ ಕರೆ ಮಾಡು. ಅವಳ ಕೂದಲನ್ನು ಹಿಂದಕ್ಕೆ ಕಟ್ಟಿರುತ್ತೇನೆ.

ಯನೀಸಿ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ಬರೆಯುವಾಗ ನನ್ನಷ್ಟಕ್ಕೆ ಏನೋ ಗುನುಗುತ್ತಿದ್ದೆನಂತೆ, ನನಗೆ ತಿಳಿದಿರಲಿಲ್ಲ. ಡಾಯ್ಮಾ ಆಚೆ ಕೋಣೆಯಲ್ಲಿ ನನಗೆ ಬೆನ್ನು ಮಾಡಿ ಚಿತ್ರ ಬರೆಯುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು: "ಅಮ್ಮಾ, ಅಪ್ಪನ ಹೆಸರನ್ನ ಅಷ್ಟೊಂದು ಸಲ ಯಾಕೆ ಹೇಳ್ತಿದೀಯಾ?"